ಎಡಗಿವಿಯ ಪಾಲು ಬಲಗಿವಿಗೆ

ನನ್ನ ಇಯರ್‌ಫೋನುಗಳಲ್ಲಿ ಎಡಗಡೆಯದು ಯಾವಾಗಲೂ ಹೊಸದಾಗಿಯೇ ಇರುತ್ತದೆ. ಬಲಗಡೆಯದರ ರಬ್ಬರು ಸವೆದು, ಬೆವರು ಕುಡಿದು, ಜಾಲರಿಯಲ್ಲಿ ಧೂಳು ಕೂತು, ಕೊನೆಗೊಂದು ದಿನ ಗೊರಗೊರ ಎಂದು ಪ್ರಾಣ ಬಿಡುತ್ತದೆ. ಎಡಗಡೆಯದು ಮಾತ್ರ ಅಂಗಡಿಯಿಂದ ತಂದ ದಿನದ ಹೊಳಪಿನಲ್ಲೇ ಪಕ್ಕದಲ್ಲಿ ಜೋತಾಡುತ್ತಿರುತ್ತದೆ. ಮೊನ್ನೆ ಬೀರುವಿನ ಮೇಲಿನ ಡಬ್ಬಿಯನ್ನು ಕೊಡವಿದಾಗ ಇಂಥ ಜೋಡಿಗಳು ಗೊಂಚಲಾಗಿ ನೆಲಕ್ಕೆ ಬಿದ್ದವು. ನನ್ನ ಹೆಂಡತಿ ಸರೋಜ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಇವನ್ನ ಯಾರಿಗಾರ ಕೊಡಬಾರ್ದಾ, ಒಂದ್ಕಡೆ ಚೆನ್ನಾಗೇ ಐತೆ" ಎಂದಳು. ಎಡಗಿವಿ ಮಾತ್ರ ಇರುವ ಗಿರಾಕಿಯನ್ನು ನಾನು ಬಂಗಾರಪೇಟೆಯಲ್ಲಿ ಎಲ್ಲಿ ಹುಡುಕಲಿ ಎನ್ನಲು ಬಾಯಿ ತೆರೆದವನು, ಅಂಥ ಒಬ್ಬ ಗಿರಾಕಿ ನನ್ನ ಜೊತೆಯಲ್ಲೇ ದಿನಾ ರೈಲಿನಲ್ಲಿ ಬರುತ್ತಾನೆಂದು ನೆನಪಾಗಿ ಸುಮ್ಮನಾದೆ. ಅವನ ವಿಷಯ ಸ್ವಲ್ಪ ತಡೆದು ಹೇಳುತ್ತೇನೆ.

ನನಗೆ ಎಡಗಿವಿ ಕೇಳಿಸುವುದಿಲ್ಲ. ಇದನ್ನು ಹೇಳಿಕೊಳ್ಳುವುದರಲ್ಲಿ ನನಗೆ ಯಾವ ಸಂಕೋಚವೂ ಉಳಿದಿಲ್ಲ. ಹೇಳದಿದ್ದರೆ ಜನ ನನ್ನನ್ನು ಸೊಕ್ಕಿನವನೆಂದು ತಿಳಿಯುತ್ತಾರೆ. ಬಜಾರಿನಲ್ಲಿ ಎಡಗಡೆಯಿಂದ ಕೂಗಿದವರೆಲ್ಲ, "ನೋಡಿದ್ರಾ, ಕಂಡ್ರೂ ಕಾಣದಂಗೆ ಓಗ್ತಾವ್ರೆ" ಎಂದು ಮಾತಾಡಿಕೊಂಡದ್ದು ಬಲಗಡೆಯವರಿಂದ ನನಗೆ ತಲುಪಿದೆ.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ಆ ಕಿವಿಯಲ್ಲಿ ಹತ್ತಿ ತುರುಕಿದಂತಿತ್ತು. ನೀರು ಹೊಕ್ಕಿರಬೇಕೆಂದು ತಲೆ ವಾರೆ ಮಾಡಿ ಒಂಟಿಕಾಲಿನಲ್ಲಿ ಕುಣಿದೆ. ಗುಗ್ಗೆ ಕಟ್ಟಿರಬೇಕೆಂದು ಸರೋಜ ಬೆಳ್ಳುಳ್ಳಿ ಎಸಳು ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು. ಪಕ್ಕದ ಮನೆಯವರು ಒಂದು ಹೇಳಿದರು, ಎದುರು ಮನೆಯವರು ಇನ್ನೊಂದು ಹೇಳಿದರು. ಕೊನೆಗೆ ಕೋಲಾರದ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಗಾಜಿನ ಕೋಣೆಯಲ್ಲಿ ಕೂರಿಸಿ ಕುಂಯ್ ಕುಂಯ್ ಎಂಬ ಶಬ್ದಗಳನ್ನು ಕೇಳಿಸಿ, "ನರ ಹೋಗಿದೆ. ಬಲಗಿವಿ ಚೆನ್ನಾಗಿದೆ, ಅದನ್ನು ಜೋಪಾನ ಮಾಡಿಕೊಳ್ಳಿ" ಎಂದರು. ಜೋಡೆತ್ತಿನಲ್ಲಿ ಒಂದು ಸತ್ತವನಿಗೆ, ಉಳಿದದ್ದಕ್ಕೆ ಚೆನ್ನಾಗಿ ಹುಲ್ಲು ಹಾಕಿ ಎಂದ ಹಾಗಾಯಿತು.

ಎರಡೂ ಕಿವಿ ಇರುವ ನಿಮಗೆ ತಿಳಿಯದ ಒಂದು ವಿಷಯವಿದೆ. ಒಂದು ಕಿವಿ ಹೋದವನಿಗೆ ಶಬ್ದವೇನೋ ಕೇಳಿಸುತ್ತದೆ, ಅದರ ವಿಳಾಸ ಮಾತ್ರ ಸಿಗುವುದಿಲ್ಲ. ಲೋಕದ ಸಕಲ ಸದ್ದೂ ಬಲಗಡೆಯಿಂದಲೇ ಬರುತ್ತದೆ. ಹಿತ್ತಲಲ್ಲಿ ಹಸು ಕೂಗಿದರೆ ನಾನು ಬೀದಿ ಬಾಗಿಲಿಗೆ ಓಡುತ್ತೇನೆ. ಎದೆಯ ಮೇಲಿನ ಜೇಬಿನಲ್ಲೇ ಬಡಿದುಕೊಳ್ಳುತ್ತಿದ್ದ ಫೋನನ್ನು ದಿಂಬಿನಡಿ, ದೇವರ ಗೂಡಿನಲ್ಲಿ, ಅಕ್ಕಿ ಡಬ್ಬದ ಮೇಲೆ ಹುಡುಕಿದ್ದೇನೆ. ರಸ್ತೆಯಲ್ಲಿ ಯಾರಾದರೂ ಕರೆದರೆ, ಯಾರೆಂದು ಕಾಣುವ ತನಕ ನಿಂತಲ್ಲೇ ಸುತ್ತುತ್ತೇನೆ. ಒಮ್ಮೆ ಹೀಗೆ ಸುತ್ತುತ್ತಿದ್ದಾಗ ತರಕಾರಿ ಮಾರುವ ಮುದುಕಿಯೊಬ್ಬಳು, ನಾನು ಅವಳ ಹಿಂದಿದ್ದ ಗುಡಿಗೆ ಆತ್ಮಪ್ರದಕ್ಷಿಣೆ ಹಾಕುತ್ತಿರುವೆನೆಂದು ತಿಳಿದು ತನ್ನ ಬುಟ್ಟಿಯನ್ನು ಭಕ್ತಿಯಿಂದ ಪಕ್ಕಕ್ಕೆ ಸರಿಸಿದಳು.

ಬೂದಿಕೋಟೆ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾನು ಚಿಕ್ಕವನಾಗಿದ್ದಾಗ ಸಂಗೀತಕ್ಕೆ ಒಂದೇ ವಿಳಾಸವಿತ್ತು. ಅದು ಮದುವೆ ಮನೆಯ ಮುಂದಿನ ಹುಣಸೆಮರಕ್ಕೆ ಕಟ್ಟಿದ ತಗಡಿನ ಹಾರ್ನು. ಎಡವಿಲ್ಲ, ಬಲವಿಲ್ಲ, ಊರಿಗೆಲ್ಲ ಅದೊಂದೇ ಬಾಯಿ. ಹೊಲದಲ್ಲಿ ರಾಗಿ ತೆನೆ ಕೊಯ್ಯುತ್ತಿದ್ದವರಿಗೂ, ಕೆರೆಯಲ್ಲಿ ಎಮ್ಮೆ ತೊಳೆಯುತ್ತಿದ್ದವರಿಗೂ ಒಂದೇ ಹಾಡು ಒಂದೇ ಥರ ಕೇಳುತ್ತಿತ್ತು. ಈ ಸಮಾನತೆಯನ್ನು ಕೆಡಿಸಿದವನು ನಮ್ಮ ಚಿಕ್ಕಪ್ಪ ವೆಂಕಟೇಶಪ್ಪ. ಕೆ.ಜಿ.ಎಫ್.ನ ಪೇಟೆಯಿಂದ ಅವನೊಂದು ಎರಡು ಡಬ್ಬದ ಟೇಪ್‌ರೆಕಾರ್ಡರು ಹೊತ್ತು ತಂದ. ಡಬ್ಬಗಳೆಂದರೆ ಸ್ಪೀಕರುಗಳು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೇಳಬೇಕೆಂದು ಅಂಗಡಿಯವನು ಹೇಳಿದ್ದನೋ ಇಲ್ಲವೋ, ಚಿಕ್ಕಪ್ಪನ ಬುದ್ಧಿಗೆ ಹೊಳೆದದ್ದು ಬೇರೆ. ಎರಡು ಡಬ್ಬ ಇರುವುದು ಎರಡು ಕಡೆ ಇಡಲಿಕ್ಕೆ. ಒಂದನ್ನು ನಡುಮನೆಯ ಗೂಡಿನಲ್ಲಿಟ್ಟ. ಇನ್ನೊಂದಕ್ಕೆ ಉದ್ದ ತಂತಿ ಎಳೆದು ಕೊಟ್ಟಿಗೆಯಲ್ಲಿ ತೂಗುಹಾಕಿದ. ಹಾಡು ಕೇಳಿದ ಹಸು ಹಾಲು ಹೆಚ್ಚು ಕೊಡುತ್ತದೆಂದು ಅವನಿಗೆ ಯಾರೋ ಹೇಳಿದ್ದರಂತೆ.

ಕ್ಯಾಸೆಟ್ಟು ಹಾಕಿದ. ಅದು ಎಡಕ್ಕೊಂದು, ಬಲಕ್ಕೊಂದು ಎಂದು ಶಬ್ದವನ್ನು ನಿಷ್ಠೆಯಿಂದ ಪಾಲು ಮಾಡಿದ್ದ ಕ್ಯಾಸೆಟ್ಟು. ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದ ನಮ್ಮ ಅಜ್ಜಿಗೆ ಬರೀ ತಬಲ ಮತ್ತು ಗೆಜ್ಜೆ ಕೇಳಿಸಿತು. ಸ್ವಲ್ಪ ಹೊತ್ತು ಕಾದು ಅಜ್ಜಿ ಕೇಳಿದಳು.

"ಲೇ ಎಂಕಟೇಸ, ಆಡೋಳು ಎಲ್ಲೋದ್ಲೋ? ಬರೀ ಡೋಲು ಬಡೀತಾವ್ರೆ."

"ಕೊಟ್ಟಿಗೆನಾಗವ್ಳೆ ಕಣಮ್ಮೋ. ಅಸೂಗೆ ಆಡ್ತಾವ್ಳೆ."

"ಅಸೂಗೆ ಆಡು, ಎತ್ತವ್ವಂಗೆ ಡೋಲು. ಒಳ್ಳೆ ನ್ಯಾಯ ಕಣ್ಲಾ ನಿಂದು."

ಅಜ್ಜಿಯ ಸಿಟ್ಟಿಗೆ ಹೆದರಿ ಚಿಕ್ಕಪ್ಪ ಎರಡೂ ಡಬ್ಬದ ತಂತಿಗಳ ತುದಿಯನ್ನು ಹಲ್ಲಿನಿಂದ ಸುಲಿದು, ಒಟ್ಟಿಗೆ ಹೊಸೆದು, ನಡುಮನೆಯ ಒಂದೇ ಡಬ್ಬಕ್ಕೆ ಸಿಕ್ಕಿಸಿದ. ಹಾಡೂ ಡೋಲೂ ಒಟ್ಟಿಗೆ ಬಂದವು. ಅಜ್ಜಿ ತಲೆಯಾಡಿಸಿದಳು. ಆಮೇಲೆ ಟೇಪ್‌ರೆಕಾರ್ಡರಿನ ಬೆನ್ನಿನಿಂದ ಹೊಗೆಯೂ ಬಂತು. ಎಡದ ಪಾಲನ್ನೂ ಬಲದ ಪಾಲನ್ನೂ ಒಂದೇ ಕಡೆ ಸುರಿಯುವ ಈ ಕೆಲಸಕ್ಕೆ ಮೋನೋ ಎಂದು ಹೆಸರಿದೆ ಎಂದು ನನಗೆ ಗೊತ್ತಾದದ್ದು ತೀರಾ ಈಚೆಗೆ. ಚಿಕ್ಕಪ್ಪ ಅದನ್ನು ನಮ್ಮ ಹೋಬಳಿಯಲ್ಲೇ ಮೊದಲು ಮಾಡಿದವನಿರಬೇಕು. ಹೊಗೆ ಬರದಂತೆ ಮಾಡುವ ಉಪಾಯ ಮಾತ್ರ ಅವನಿಗೆ ತಿಳಿದಿರಲಿಲ್ಲ.

ಕಿವಿ ಹೋದಾಗ ನಾನು ಹೆದರಿದ್ದು ಹಾಡಿಗಾಗಿ ಅಲ್ಲ. ಹಸು, ಫೋನು, ಬಜಾರು ಎಲ್ಲಕ್ಕೂ ಹೇಗೋ ಹೊಂದಿಕೊಂಡೆ. ನನಗೆ ಭಯ ಹುಟ್ಟಿದ್ದು ಸರೋಜಳ ಮಾತಿನ ಬಗ್ಗೆ.

ಸರೋಜ ಎದುರಿಗೆ ಕೂತು, ಮುಖ ನೋಡಿ ಮಾತಾಡುವವಳಲ್ಲ. ಹಾಗೆ ಮಾತಾಡುವುದು ಪಂಚಾಯಿತಿಯಲ್ಲಿ ಎಂದು ಅವಳ ಅಭಿಪ್ರಾಯ. ಅವಳ ಮಾತು ಕೆಲಸದ ಜೊತೆ ಓಡಾಡುತ್ತದೆ. ಕಸ ಗುಡಿಸುತ್ತಾ ಈ ಮೂಲೆಯಲ್ಲಿ ಶುರುವಾದದ್ದು ಆ ಮೂಲೆಯಲ್ಲಿ ಮುಗಿಯುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ಅರ್ಧ ಹೇಳಿ, ಹಿತ್ತಲಲ್ಲಿ ಹಸುವಿನ ಕೆಚ್ಚಲು ತೊಳೆಯುವಾಗ ಉಳಿದರ್ಧ ಹೇಳುತ್ತಾಳೆ. ನಮ್ಮ ಮನೆ ಬೂದಿಕೋಟೆ ರಸ್ತೆಯ ಅಂಚಿನಲ್ಲಿದೆ. ಹಿತ್ತಲಲ್ಲಿ ಹಸು ಇವೆ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಲು ಹೋದವಳು ಕ್ಯಾನು ಖಾಲಿ ಮಾಡಿಕೊಂಡು ಸುದ್ದಿ ತುಂಬಿಕೊಂಡು ಬರುತ್ತಾಳೆ. ಅವಳ ತವರು ಆಂಧ್ರದ ಗಡಿಗೆ ತಾಗಿದ ಊರು. ಹೀಗಾಗಿ ಸುದ್ದಿ ಕನ್ನಡದಲ್ಲಿ ಹೊರಟು, ಯಾರನ್ನಾದರೂ ಬೈಯಬೇಕಾದಾಗ ತೆಲುಗಿಗೆ ದಾಟಿ, ಕೆ.ಜಿ.ಎಫ್.ನ ನೆಂಟರ ಪ್ರಸಂಗ ಬಂದರೆ ತಮಿಳಿನಲ್ಲಿ ಸ್ವಲ್ಪ ದೂರ ನಡೆದು, ಮತ್ತೆ ಕನ್ನಡಕ್ಕೆ ಬಂದು ಉಸಿರು ಬಿಡುತ್ತದೆ. ಮದುವೆಯಾದಾಗಿನಿಂದ ನಾನು ಈ ಮಾತನ್ನು ಹಿನ್ನೆಲೆಯಲ್ಲಿ ಕೇಳುತ್ತಲೇ ಇದ್ದೇನೆ. ಪೂರ್ತಿ ಗಮನ ಕೊಟ್ಟಿದ್ದೇನೆಂದು ಪ್ರಮಾಣ ಮಾಡಲಾರೆ. ಆದರೆ ಅದು ನಿಂತರೆ ಮನೆಯಲ್ಲಿ ನನಗೆ ಕೂರಲಾಗುವುದಿಲ್ಲ.

ಕಿವಿ ಹೋದ ಮೇಲೆ ಆ ಮಾತಿನಲ್ಲಿ ಸುಮಾರು ಪಾಲು ನೆಲಕ್ಕೆ ಬೀಳತೊಡಗಿತು. ಪ್ರತಿ ಸಲ "ಏನು, ಏನಂದೆ" ಎಂದು ಕೇಳಲು ನಾಚಿಕೆ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಅವಳ ದನಿ ನಿಂತಂತೆ ಅನ್ನಿಸಿದ ಕಡೆಯಲ್ಲಿ ಒಂದು "ಹೂಂ" ಸೇರಿಸುವುದು. ಬಹುಪಾಲು ಸಂಸಾರಗಳು ಹೂಂ ಮೇಲೆಯೇ ನಡೆಯುತ್ತವೆ, ನಮ್ಮದೂ ನಡೆಯಿತು. ಒಂದು ದಿನ ಸಂಜೆ ಅವಳು ನನ್ನ ಎಡಗಡೆ ನಿಂತು ಕರುವನ್ನು ಗೂಟಕ್ಕೆ ಕಟ್ಟುತ್ತಾ ಏನೋ ಹೇಳಿದಳು. ಕರು ಹಾಲು ಕುಡಿದ ವಿಷಯವಿರಬೇಕೆಂದು ಎಣಿಸಿ ನಾನು, "ಹೂಂ, ಒಳ್ಳೇದೇ ಆಯ್ತು ಬಿಡು" ಎಂದೆ. ಸರೋಜ ಹಗ್ಗ ಹಿಡಿದುಕೊಂಡೇ ನನ್ನತ್ತ ನೋಡಿದಳು.

"ಯಾಕೆ? ಏನಂದೆ ನೀನು?" ಎಂದೆ.

"ಏನಿಲ್ಲ ಬಿಡಿ" ಎಂದು ಒಳಗೆ ಹೋದಳು.

ಬೇತಮಂಗಲದಲ್ಲಿರುವ ಅವಳ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಾಳೆಂದು ಅವಳು ಹೇಳಿದ್ದಳಂತೆ. ಆ ಅಕ್ಕನ ಮಗ ರಾತ್ರಿ ಫೋನು ಮಾಡಿದಾಗ ನನಗೆ ಗೊತ್ತಾಯಿತು. ಕ್ಷಮೆ ಕೇಳಿದೆ. ಅವಳೇನೂ ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು, ತೆಲುಗಿನಲ್ಲಾದರೂ ನಾಲ್ಕು ಮಾತು ಬರುತ್ತಿತ್ತು. ಅದರ ಬದಲು ಆ "ಏನಿಲ್ಲ ಬಿಡಿ" ಮನೆಯಲ್ಲಿ ಹೆಚ್ಚಾಗುತ್ತಾ ಹೋಯಿತು. ಹೇಳಲು ಬಾಯಿ ತೆರೆಯುವಳು, ನಾನು ಯಾವ ಕಡೆ ತಿರುಗಿದ್ದೇನೆಂದು ನೋಡುವಳು, ಎರಡೆರಡು ಸಲ ಹೇಳುವಷ್ಟು ಬೆಲೆ ಈ ಸುದ್ದಿಗಿಲ್ಲವೆಂದು ಅನ್ನಿಸಿ ಕೆಲಸಕ್ಕೆ ಹೋಗುವಳು. ಯಾರದೋ ಎಮ್ಮೆ ಈದದ್ದು, ಯಾರದೋ ಸೊಸೆ ಪಾತ್ರೆ ಎಸೆದದ್ದು, ಇಂಥವನ್ನು ಯಾರೂ ಎರಡು ಸಲ ಹೇಳುವುದಿಲ್ಲ. ಆದರೆ ನಮ್ಮ ಸಂಸಾರ ನಿಂತಿದ್ದೇ ಅಂಥ ಸುದ್ದಿಯ ಮೇಲೆ. ಇವಳು ಹೀಗೇ ಒಂದೊಂದಾಗಿ ಬಿಡುತ್ತಾ ಹೋದರೆ ಕೊನೆಗೆ "ಊಟಕ್ಕೆ ಬನ್ನಿ" ಒಂದೇ ಉಳಿಯುತ್ತದಲ್ಲ ಎಂದು ನನಗೆ ನಿಜವಾಗಿ ದಿಗಿಲಾಯಿತು. ಕಿವಿಗೆ ಕೇಳಿಸುವ ಯಂತ್ರ ಹಾಕಿಸಿಕೊಳ್ಳೋಣವೆಂದರೆ, ಸತ್ತ ನರಕ್ಕೆ ಅದರಿಂದ ಉಪಯೋಗವಿಲ್ಲವೆಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು.

ಈಗ ಆ ಎಡಗಿವಿಯ ಗಿರಾಕಿಯ ವಿಷಯ. ಅವನ ಹೆಸರು ಸೆಲ್ವರಾಜ್, ನಾನು ಕರೆಯುವುದು ಸೆಲ್ವಂ ಎಂದು. ಚಿನ್ನದ ಗಣಿಯ ಆಳದಲ್ಲಿ ಬಂಡೆ ಕೊರೆಯುವ ಯಂತ್ರ ಹಿಡಿದಿದ್ದವನು. ಯಂತ್ರ ಬಲ ಭುಜದ ಕಡೆ ಇರುತ್ತಿದ್ದುದರಿಂದ ಬಲಗಿವಿಯನ್ನು ಅಲ್ಲೇ ಕೆಳಗೆ ಬಿಟ್ಟು ಬಂದೆ ಎನ್ನುತ್ತಾನೆ. ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಅರ್ಧ ಜನರಂತೆ ಅವನೂ ಬೆಳಗಿನ ರೈಲು ಹತ್ತಿ ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನ ಕಾವಲಿಗೆ ಹೋಗುತ್ತಾನೆ. ನಾನು ಬಂಗಾರಪೇಟೆಯಲ್ಲಿ ಹತ್ತಿ ಕೆ.ಆರ್. ಪುರದ ಒಂದು ಕಚೇರಿಯ ಟಪಾಲು ವಿಭಾಗಕ್ಕೆ ಹೋಗುವವನು. ರೈಲು ಅವನ ಊರಿಂದಲೇ ಹೊರಡುವುದರಿಂದ ಅವನು ಟವೆಲ್ಲು ಹಾಸಿ ನನಗೆ ಜಾಗ ಹಿಡಿಯುತ್ತಾನೆ.

ನಾವಿಬ್ಬರೂ ಕೂರುವುದಕ್ಕೆ ಒಂದು ಕ್ರಮವಿದೆ. ಅವನಿಗೆ ಎಡಗಿವಿ ಇದೆ, ನನಗೆ ಬಲಗಿವಿ ಇದೆ. ಅವನು ನನ್ನ ಬಲಕ್ಕೆ ಕೂತರೆ ನನ್ನ ಒಳ್ಳೆಯ ಕಿವಿಯೂ ಅವನ ಒಳ್ಳೆಯ ಕಿವಿಯೂ ಅಕ್ಕಪಕ್ಕ ಬರುತ್ತವೆ, ಪಿಸುಮಾತೂ ಕೇಳುತ್ತದೆ. ಅದಲು ಬದಲಾದರೆ ಕೆಟ್ಟ ಕಿವಿಗಳೆರಡೂ ಒಂದಕ್ಕೊಂದು ಒರಗಿಕೊಂಡು ಕೂರುತ್ತವೆ. ಒಂದು ದಿನ ನೂಕುನುಗ್ಗಲಿನಲ್ಲಿ ಹಾಗೇ ಆಯಿತು. ತ್ಯಾಕಲ್‌ನಿಂದ ಮಾಲೂರಿನ ತನಕ ನಾನು ನಮ್ಮ ಹೊಸ ಮೇಲಧಿಕಾರಿಯ ಬಗ್ಗೆ ದೂರಿಕೊಂಡೆ. ಸೆಲ್ವಂ ಆಗಾಗ ತಲೆಯಾಡಿಸುತ್ತಾ ತನ್ನ ಬೀಗರ ಬಗ್ಗೆ ದೂರಿಕೊಂಡನಂತೆ. ಇಬ್ಬರಿಗೂ ಮನಸ್ಸು ಹಗುರವಾಯಿತು. ಎದುರಿಗೆ ಕೂತಿದ್ದ ಹೂವಿನವಳು ಇಳಿಯುವಾಗ ನಮ್ಮಿಬ್ಬರನ್ನೂ ಬಹಳ ಕನಿಕರದಿಂದ ನೋಡಿದಳು.

ಇಯರ್‌ಫೋನು ಹಂಚಿಕೊಳ್ಳಲು ಇಂಥ ಜೋಡಿ ಬೇರೆ ಸಿಗದು. ನನ್ನದೊಂದು, ಅವನದೊಂದು, ಯಾವುದೂ ದಂಡವಿಲ್ಲ. ಇಬ್ಬರೂ ಸೇರಿ ಒಂದು ಪೂರ್ತಿ ತಲೆಯಾದೆವೆಂದು ಖುಷಿಪಟ್ಟೆವು. ಒಂದು ಬೆಳಿಗ್ಗೆ ನನ್ನ ಫೋನಿನಿಂದ ಹಳೆಯದೊಂದು ಹಾಡು ಹಾಕಿದೆ. ನನಗೆ ಪಿಟೀಲುಗಳು ಕೇಳಿದವು. ಕೇಳುತ್ತಲೇ ಇದ್ದವು. ಸೆಲ್ವಂ ಆಗಲೇ ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

"ಎನ್ನಾ ಕೊರಲು ಸಾರ್, ಏನ್ ದನಿ. ದೇವ್ರು ಕೊಟ್ಟಿದ್ದು" ಎಂದ.

"ಇನ್ನೂ ಹಾಡು ಶುರುವಾಗಿಲ್ಲ ಮಾರಾಯ, ಪಿಟೀಲು ಅದು."

"ಪಿಟೀಲಾ? ಪಿಟೀಲು ಎಲ್ಲಿ ಐತೆ ಸಾರ್? ಆಯಮ್ಮ ಆಡ್ತಾ ಅವ್ರೆ, ಎರಡ್ನೇ ಚರಣ ಬಂತು."

ಮಾತಿಗೆ ಮಾತು ಬೆಳೆಯಿತು. ನನಗೆ ಸಂಗೀತ ಜ್ಞಾನವಿಲ್ಲವೆಂದು ಅವನು ಬಹಳ ಮರ್ಯಾದೆಯಿಂದ ಸೂಚಿಸಿದ. ಅವನ ಉಳಿದ ಕಿವಿಯೂ ಹೋಗುತ್ತಿದೆಯೆಂದು ನಾನು ಅಷ್ಟೇನೂ ಮರ್ಯಾದೆಯಿಲ್ಲದೆ ಹೇಳಿದೆ. ಕೊನೆಗೆ ಸಾಕ್ಷಿಗೆಂದು ಅದೇ ಇಯರ್‌ಫೋನನ್ನು ಅವನ ಫೋನಿಗೆ ಸಿಕ್ಕಿಸಿ ಅದೇ ಹಾಡು ಹಾಕಿದೆವು. ಈಗ ನನಗೂ ಆಯಮ್ಮನ ದನಿ ಬಂತು, ಅವನಿಗೂ ಪಿಟೀಲು ಬಂತು. ಇಬ್ಬರೂ ಪೆಚ್ಚಾಗಿ ಮುಖ ಮುಖ ನೋಡಿಕೊಂಡೆವು.

ಹಾಗಾದರೆ ತಪ್ಪು ನನ್ನ ಫೋನಿನದು. ಎರಡೂ ಫೋನುಗಳನ್ನು ತೊಡೆಯ ಮೇಲಿಟ್ಟುಕೊಂಡು ಸೆಟ್ಟಿಂಗಿನೊಳಗೆ ಹೊಕ್ಕು, ಮದುವೆಗೆ ಮುಂಚೆ ಜಾತಕ ಕೂಡಿಸಿ ನೋಡುವ ಹಾಗೆ ಒಂದೊಂದೇ ಸಾಲು ಹೋಲಿಸುತ್ತಾ ಹೋದೆವು. ದಾರಿಯಲ್ಲಿ ನನ್ನ ಫೋನಿನ ಅಕ್ಷರಗಳು ಕುಂಬಳಕಾಯಿ ಗಾತ್ರವಾದವು, ಅವನದು ಇಂಗ್ಲಿಷಿನಲ್ಲಿ ಮಾತಾಡತೊಡಗಿತು. ಕೊನೆಗೆ ಒಂದು ಮೂಲೆಯಲ್ಲಿ "ಮೋನೋ ಆಡಿಯೋ" ಎಂದಿತ್ತು. ಅವನ ಫೋನಿನಲ್ಲಿ ಆ ಗುಂಡಿ ಹಸಿರಾಗಿತ್ತು, ನನ್ನದರಲ್ಲಿ ಬಿಳುಪಾಗಿತ್ತು. ಅದನ್ನು ಒತ್ತಿದವರು ಯಾರೆಂದು ಸೆಲ್ವಂಗೆ ತಿಳಿಯದು. ಮೊಮ್ಮಗಳು ಆಟವಾಡುವಾಗ ಒತ್ತಿರಬೇಕೆಂದ. ನಾನೂ ನನ್ನದನ್ನು ಒತ್ತಿದೆ. ಎಡಗಿವಿಯ ಪಾಲಿಗೆಂದು ಇಷ್ಟು ವರ್ಷ ಯಾರೂ ಕೇಳದೆ ಸುರಿದು ಹೋಗುತ್ತಿದ್ದದ್ದೆಲ್ಲ ಒಮ್ಮೆಲೇ ಬಲಗಿವಿಗೆ ಬಂತು. ಹಾಡಿನಲ್ಲಿ ಹಾಡುವವರು ಇದ್ದರು. ನನಗೆ ಕಣ್ಣಲ್ಲಿ ನೀರೇ ಬಂತು. ಆ ಗಡಿಬಿಡಿಯಲ್ಲಿ ಸೆಲ್ವಂ ವೈಟ್‌ಫೀಲ್ಡಿನಲ್ಲಿ ಇಳಿಯುವುದನ್ನು ಮರೆತು ನನ್ನ ಜೊತೆ ಕೆ.ಆರ್. ಪುರಕ್ಕೆ ಬಂದ.

ಈ ಸಂತೋಷವನ್ನು ಎತ್ತಿಕೊಂಡು ಸಂಜೆ ಮನೆಗೆ ಬಂದೆ. ಸರೋಜ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಚಪ್ಪಲಿ ಬಿಡುತ್ತಲೇ ಘೋಷಣೆ ಮಾಡಿದೆ.

"ಸರೋಜಾ, ಎಡ ಬಲ ಅನ್ನೋ ತಾಪತ್ರಯಾನೇ ಮುಗೀತು. ಇನ್ಮೇಲೆ ಮೋನೋ. ಇಷ್ಟು ವರ್ಷ ಗೊತ್ತಿಲ್ದೆ ಒದ್ದಾಡ್ತಿದ್ದೆ. ಮೋನೋ ಆದ್ಮೇಲೆ ಎಷ್ಟು ಆರಾಮಾಗಿದೆ ಗೊತ್ತಾ?"

ಅವಳು ನನ್ನನ್ನು ಒಂದು ಗಳಿಗೆ ನೋಡಿ, "ಸರಿ, ನಿಮಗೆ ಆರಾಮಾದ್ರೆ ಸಾಕು" ಎಂದು ಅವರೆಕಾಯಿಗೆ ಮರಳಿದಳು. ಇದೆಂಥ ನಿರುತ್ಸಾಹ ಎಂದುಕೊಂಡೆ. ಆದರೆ ನನಗೆ ಯೋಚಿಸಲು ಪುರುಸೊತ್ತೆಲ್ಲಿ? ಅರ್ಧ ಅರ್ಧ ಕೇಳಿದ್ದ ಹಾಡುಗಳೆಲ್ಲ ನನಗಾಗಿ ಕಾಯುತ್ತಿದ್ದವು. ಕೈಕಾಲು ತೊಳೆದು, ಬಲಗಿವಿಗೆ ಸಿಕ್ಕಿಸಿಕೊಂಡು, ವರಾಂಡದ ಕುರ್ಚಿಯಲ್ಲಿ ಕೂತೆ. ಆ ಸಂಜೆ ಕೂತೆ, ಮರುದಿನ ಭಾನುವಾರ, ಅಂದೂ ಕೂತೆ. ಸರೋಜ ಗುಡಿಸುತ್ತಾ, ನೀರು ತರುತ್ತಾ, ಹಸುವಿಗೆ ಹುಲ್ಲು ಒಯ್ಯುತ್ತಾ ನನ್ನ ಎಡಗಡೆಯಲ್ಲಿ ಸುಳಿದಾಡಿದಳು. ನನಗೂ ಹೆಂಡತಿಯ ಮೇಲೆ ಕಾಳಜಿ ಇಲ್ಲದಿಲ್ಲವಷ್ಟೇ. ಅವಳು ಪಕ್ಕಕ್ಕೆ ಬಂದಾಗಲೆಲ್ಲ, ಹೇಳುತ್ತಿರುವ ಸುದ್ದಿಗೆ ಮೋಸವಾಗದಿರಲೆಂದು, ಸರಿಯಾಗಿ ಅಂತರ ಬಿಟ್ಟು ಬಿಟ್ಟು "ಹೂಂ" ಎನ್ನುತ್ತಿದ್ದೆ. ಒಂದೆರಡು ಕಡೆ "ಹೌದಾ" ಎಂದೆ. ಒಂದು ಕಡೆ "ಅಯ್ಯೋ ಪಾಪ" ಎಂದದ್ದೂ ನೆನಪಿದೆ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಸರೋಜ ಪೊರಕೆ ಕೆಳಗಿಟ್ಟು, ಕುರ್ಚಿಯನ್ನು ಬಳಸಿಕೊಂಡು ನನ್ನ ಬಲಗಡೆಗೆ ಬಂದು, ಕಿವಿಯಲ್ಲಿದ್ದುದನ್ನು ಎರಡು ಬೆರಳಿನಿಂದ ಕಿತ್ತಳು.

"ನೆನ್ನೆ ಸಾಯಂಕಾಲದಿಂದ ನಾನು ತುಟಿ ಬಿಚ್ಚಿಲ್ಲ. ನೀವು ಯಾವಳಿಗೆ ಊಂ ಅಂತಾ ಇದ್ದೀರಿ?"

ನನಗೆ ಏನೂ ತಿಳಿಯಲಿಲ್ಲ. "ಯಾಕೆ ತುಟಿ ಬಿಚ್ಚಿಲ್ಲ?" ಎಂದೆ.

"ನೀವೇ ತಾನೇ ಏಳಿದ್ದು, ಇನ್ಮೇಲೆ ಮೋನ ಅಂತ. ಮೋನ ಆದ್ರೆ ಆರಾಮು ಅಂತ."

ಅವಳ ತವರಿನಲ್ಲಿ ಮೌನಕ್ಕೆ ಮೋನ ಎನ್ನುತ್ತಾರೆ. ಡೈರಿಯ ಪಕ್ಕದ ಮನೆಯ ಯಜಮಾನರು ಯಾವುದೋ ಆಶ್ರಮಕ್ಕೆ ಹೋಗಿ ಬಂದು ವಾರಕ್ಕೊಂದು ದಿನ ಮೋನ ಹಿಡಿಯುತ್ತಾರಂತೆ, ಅವರ ಹೆಂಡತಿಯೂ ಹಿಡಿಯಬೇಕಂತೆ. ನನಗೂ ಅದೇ ಗಾಳಿ ಸೋಕಿದೆಯೆಂದು ಸರೋಜ ತಿಳಿದಿದ್ದಳು. ನಾನು ನಗತೊಡಗಿದೆ. ಫೋನು ತೆರೆದು, ಹಸಿರು ಗುಂಡಿ ತೋರಿಸಿ, ಎಡದ ಪಾಲು, ಬಲದ ಪಾಲು, ಪಿಟೀಲು, ಸೆಲ್ವಂ ಎಂದು ವಿವರಿಸಿದೆ. ಅವಳೂ ನಕ್ಕಳು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿಕೊಳ್ಳುವುದು ಮಾತ್ರ ನಗು ನಿಂತ ಮೇಲೂ ಮುಗಿಯಲಿಲ್ಲ.

"ನಾನು ಬಾಯಿ ಬಿಟ್ರೂ ಊಂ, ಬಿಡದಿದ್ರೂ ಊಂ. ಅಂಗಾದ್ರೆ ನನ್ ಮಾತು ಇದ್ರೇನು, ಇಲ್ದಿದ್ರೇನು?" ಎಂದಳು.

 ಇದಕ್ಕೆ ಹೂಂ ಎನ್ನುವಂತಿರಲಿಲ್ಲ. ಅವಳ ಮಾತು ಇಲ್ಲವಾಗುತ್ತದೆಂದು ದಿಗಿಲುಪಡುತ್ತಿದ್ದವನು, ಅದು ನಿಜವಾಗಿ ಇಲ್ಲದೇ ಹೋದಾಗ ಗುರುತಿಸಲೂ ಆಗದೆ "ಅಯ್ಯೋ ಪಾಪ" ಎಂದಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಕೊನೆಗೆ ಇದ್ದುದನ್ನು ಇದ್ದ ಹಾಗೇ ಹೇಳಿದೆ. "ಎಡಗಡೆಯಿಂದ ನಿನ್ನ ದನಿ ನನಗೆ ಬರೋದೇ ಇಲ್ಲ ಸರೋಜಾ. ಕೇಳಿಸ್ತಿಲ್ಲ ಅಂದ್ರೆ ನೀನು ಹೇಳೋದೇ ಬಿಟ್ಟುಬಿಡ್ತೀಯ ಅಂತ ಹೂಂ ಅಂತಿದ್ದೆ."

ಅವಳು ಪೊರಕೆ ಎತ್ತಿ ಮೂಲೆಗಿಟ್ಟಳು. "ಚಾಲು ಬಿಡಿ, ಎದ್ದು ಊಟಕ್ಕೆ ಬನ್ನಿ" ಎಂದಳು. ಚಾಲು ಎಂದರೆ ತೆಲುಗಿನಲ್ಲಿ ಸಾಕು. ಸಾಕಾದದ್ದು ನನ್ನ ವಿವರಣೆಯೋ, ನಾನೋ ಎಂದು ಗೊತ್ತಾಗದೆ ಊಟ ಮಾಡಿದೆ. ಫೋನಿಗಾದರೆ ಒಂದು ಗುಂಡಿ ಇತ್ತು. ಹೆಂಡತಿಗೆ, "ನೀನು ಕೆಲಸ ಬಿಟ್ಟು ಯಾವಾಗಲೂ ನನ್ನ ಬಲಗಡೆಯೇ ಇರು" ಎಂದು ಹೇಳಲು ಯಾವ ಗಂಡಸಿಗೆ ಬಾಯಿ ಬರುತ್ತದೆ? ಮುಂದಿನ ದಿನಗಳಲ್ಲಿ ಅವಳು ಮಾತಾಡಿದಳು, ಆದರೆ ಅಳೆದು ಮಾತಾಡಿದಳು. ನಾನು ಹೂಂ ಬಿಟ್ಟು "ಏನು" ಎಂದು ಕೇಳುವುದನ್ನು ಕಲಿತೆ. ಆಗಲೂ ಕೆಲವು ಸಲ ಆ "ಏನಿಲ್ಲ ಬಿಡಿ" ಬಂದೇ ಬರುತ್ತಿತ್ತು.

ಕಾರ್ತೀಕದಲ್ಲಿ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸುತ್ತೇವೆ. ಈ ಸಲವೂ ಬೀದಿಯವರು, ಡೈರಿಯವರು, ನೆಂಟರು ಎಲ್ಲ ಬಂದು ನಡುಮನೆ ತುಂಬಿತ್ತು. ಪೂಜೆ ನಡೆಯುವಷ್ಟು ಹೊತ್ತು ಹೆಂಡತಿ ಗಂಡನ ಬಲಕ್ಕೆ ಕೂರಬೇಕು, ಮುಗಿದು ಆಶೀರ್ವಾದ ತೆಗೆದುಕೊಳ್ಳುವಾಗ ಎಡಕ್ಕೆ ಬರಬೇಕು ಎಂಬುದು ನಮ್ಮ ಪುರೋಹಿತರ ಕ್ರಮ. ಸರೋಜ ನನ್ನ ಬಲಕ್ಕೆ ಕೂತಳು. ಸಂಕಲ್ಪ ಮುಗಿಯುವ ಮೊದಲೇ ಶುರುಮಾಡಿದಳು. ಬಾಗಿಲ ಹತ್ತಿರ ಕೂತವಳ ಸೀರೆ ಯಾರದೆಂದು, ಸಜ್ಜಿಗೆಯ ತುಪ್ಪ ಯಾಕೆ ಹಾಗೆ ವಾಸನೆ ಬರುತ್ತಿದೆಯೆಂದು, ಡೈರಿಯ ಸೆಕ್ರೆಟರಿಗೂ ಅವನ ತಮ್ಮನಿಗೂ ಮಾತು ಬಿಟ್ಟುಹೋದ ಕಥೆಯೆಂದು, ತುಟಿ ಅಲುಗಿಸದೆ, ದೇವರ ಮೇಲಿಟ್ಟ ದೃಷ್ಟಿ ತೆಗೆಯದೆ ಹೇಳುತ್ತಾ ಹೋದಳು. ಒಂದಕ್ಷರವೂ ತಪ್ಪದೆ ನನಗೆ ಕೇಳಿಸಿತು. ಎಷ್ಟೋ ತಿಂಗಳಾಗಿತ್ತು ಅವಳು ಹೀಗೆ ಮಾತಾಡಿ. ಪೂಜೆ ಇನ್ನಷ್ಟು ಉದ್ದವಾಗಬಾರದೇ ಎಂದು ನಾನು ಜೀವಮಾನದಲ್ಲಿ ಮೊದಲ ಸಲ ಹಾರೈಸಿದೆ.

ಆದರೆ ಮುಗಿಯಿತು. ಪುರೋಹಿತರು ಅಕ್ಷತೆಯ ತಟ್ಟೆ ಕೈಗೆತ್ತಿಕೊಂಡು, "ಅಮ್ಮಾ, ಆಶೀರ್ವಾದಕ್ಕೆ ಎಡಗಡೆಗೆ ಬನ್ನಿ" ಎಂದರು.

ಸರೋಜ ಅಲುಗಲಿಲ್ಲ.

"ಎಡಗಡೆ ಆಗಲ್ಲ ಸ್ವಾಮಿ. ಅತ್ಲಾಗೆ ಇವರಿಗೆ ಕೇಳ್ಸಲ್ಲ" ಎಂದಳು.

ಪುರೋಹಿತರು ನಗುತ್ತಾ, "ಮಂತ್ರ ಹೇಳೋದು ನಾನಲ್ಲವೇನಮ್ಮ? ನಾನು ಎದುರಿಗೇ ಇದ್ದೀನಿ, ಕೇಳ್ಸುತ್ತೆ" ಎಂದರು.

"ನಿಮ್ದು ನೀವು ಏಳಿ ಸ್ವಾಮಿ, ಯಾರು ಬ್ಯಾಡ ಅಂದ್ರು? ಮಧ್ಯದಾಗೆ ನಂದೂ ಇರ್ತದೆ."

ನಡುಮನೆಯಲ್ಲಿ ನಗು ಎದ್ದಿತು. ಹಿಂದಿನಿಂದ ಯಾರೋ ಹಿರಿಯರು ಶಾಸ್ತ್ರ ಅಂತ ಒಂದಿದೆಯಲ್ಲಮ್ಮ ಎಂದರು. ಸರೋಜ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು, ಇನ್ನಷ್ಟು ಬಲವಾಗಿ ನನ್ನ ಬಲಕ್ಕೆ ಅಂಟಿ ಕೂತಳು. ಪುರೋಹಿತರು ಒಂದು ಕ್ಷಣ ಯೋಚಿಸಿ, ಇರಲಿ ಎಂಬಂತೆ ಕೈಯಾಡಿಸಿ ದನಿ ಎತ್ತಿದರು. ನೂರು ವರ್ಷ, ಧನ, ಧಾನ್ಯ ಎಂದು ಏನೇನು ಹರಸಿದರೋ ನಾನು ಹೇಳಲಾರೆ. ಅಕ್ಷತೆ ತಲೆಯ ಮೇಲೆ ಬೀಳುತ್ತಿತ್ತು, ಸರೋಜ ನನ್ನ ಕಿವಿಗೆ ಬಾಗಿ, "ಆ ಸೆಕ್ರೆಟರಿ ತಮ್ಮ ಇದ್ದಾನಲ್ಲ, ಆಮೇಲೆ ಏನಾಯ್ತು ಅಂದ್ರೆ" ಎನ್ನುತ್ತಿದ್ದಳು.